ದೊಡ್ಡ ಡೋಲಿಗೆ ಹೊಸ ತೊಗಲು

ದೊಡ್ಡ ಡೋಲಿನ ತೊಗಲು ಹರಿದದ್ದು ಅಕ್ಟೋಬರ್ ತಿಂಗಳ ಮೊದಲ ಗುರುವಾರ ಸಂಜೆ. ನವೆಂಬರ್ ಮೂರರ ಸಂಸ್ಕೃತಿ ದಿನದ ಹಬ್ಬಕ್ಕೆ ಇನ್ನು ನಾಲ್ಕೇ ವಾರವಿತ್ತು. ಬಾರಿಸುತ್ತಿದ್ದವಳು ತಮಾಯೊ. ಅವಳು ಎರಡೂ ಕೋಲು ತಲೆಯ ಮೇಲೆತ್ತಿ ಇಳಿಸಿದ ಏಟಿಗೆ ಡೋಲು ಗುಡುಗುವುದು ಬಿಟ್ಟು, ಒದ್ದೆ ಚಾಪೆ ಒದರಿದಂತೆ ಒಂದು ಸದ್ದು ಮಾಡಿ ಸುಮ್ಮನಾಯಿತು. ಹಿಂದೆ ಸಣ್ಣ ಡೋಲುಗಳನ್ನು ಬಾರಿಸುತ್ತಿದ್ದ ಹನ್ನೊಂದು ಜನ ಒಬ್ಬೊಬ್ಬರಾಗಿ ಕೈ ನಿಲ್ಲಿಸಿದರು.

ಓಕಿನೋಸೆ ಒಳಗಡಲಿನ ದಡದ ಸಣ್ಣ ಪಟ್ಟಣ. ಅಲ್ಲಿನ ಮೀನುಗಾರರ ಸಂಘದ ಹಳೆಯ ಗೋದಾಮಿನಲ್ಲಿ ವಾರಕ್ಕೊಮ್ಮೆ ಸೇರುತ್ತಿದ್ದ ಈ ತೈಕೊ ಎಂಬ ಡೋಲು ಬಾರಿಸುವ ತಂಡವನ್ನು ಕಟ್ಟಿದವರು ಒಗುರ, ಕಡಲಲ್ಲಿ ಚಿಪ್ಪುಮೀನು ಸಾಕುವವರು, ಅರವತ್ತು ದಾಟಿದವರು. ಸುತ್ತಮುತ್ತಲ ಯಾವ ಊರಲ್ಲಿ ಹಬ್ಬವಾಗಲಿ, ಶಾಲೆಯ ವಾರ್ಷಿಕೋತ್ಸವವಾಗಲಿ, ನೀಲಿ ಮೇಲಂಗಿ ತೊಟ್ಟು ಇವರು ಹಾಜರು. ಆ ವರ್ಷ ತಂಡಕ್ಕೆ ಹದಿನೈದು ತುಂಬಿತ್ತು.

ತಮಾಯೊ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಆ ಊರಿಗೆ ಮದುವೆಯಾಗಿ ಬಂದವಳು. ಗಂಡ ಯಸುಹಾರು ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೇ ಬರುವವನು. ಅತ್ತೆ ಮಾತು ಕಡಿಮೆಯ ಹೆಂಗಸು. ಮಕ್ಕಳಾಗಲಿಲ್ಲ. ಮೂರನೆಯ ವರ್ಷವೋ ಏನೋ, ಒಂದು ಸಂಜೆ ಗೋದಾಮಿನ ಬಾಗಿಲಲ್ಲಿ ನಿಂತು ಡೋಲು ಕೇಳುತ್ತಿದ್ದವಳ ಕೈಗೆ ಒಗುರ ಎರಡು ಕೋಲು ಕೊಟ್ಟಿದ್ದರು. "ನಿಂತು ಕೇಳೋಕೆ ಟಿಕೆಟ್ ಉಂಟು, ಬಾರಿಸೋಕೆ ಇಲ್ಲ. ಯಾವುದು ಬೇಕು ನೋಡು" ಎಂದಿದ್ದರು. ಅಂದಿನಿಂದ ಅವಳು ಗುರುವಾರ ತಪ್ಪಿಸಿದ್ದು ಒಮ್ಮೆ ಮಾತ್ರ, ಅತ್ತೆ ತೀರಿಕೊಂಡ ವಾರ. ಅವಳಲ್ಲಿ ಲಯ ಮೊದಲೇ ಇತ್ತು. ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನಗುತ್ತಿದ್ದಳು. ತವರಿನ ವಿಷಯ ಬಂದರೆ ಅಪ್ಪ ಮರಗೆಲಸ ಮಾಡುತ್ತಾನೆ ಎನ್ನುತ್ತಿದ್ದಳು. ಈ ಸಲದ ಹಬ್ಬದಲ್ಲಿ ಕೊನೆಯ ಪದಕ್ಕೆ ದೊಡ್ಡ ಡೋಲು ಬಾರಿಸುವವಳು ತಮಾಯೊ ಎಂದು ಒಗುರ ಬೇಸಿಗೆಯಲ್ಲೇ ಹೇಳಿಬಿಟ್ಟಿದ್ದರು. ಮೂರಡಿ ಅಗಲದ ಆ ಡೋಲಿಗೆ ಅದುವರೆಗೆ ಯಾವ ಹೆಂಗಸಿನ ಕೈಯೂ ಬಿದ್ದಿರಲಿಲ್ಲ.

ಈಗ ಎಲ್ಲರೂ ಡೋಲಿನ ಸುತ್ತ ಸೇರಿದರು. ಮೊಳೆಸಾಲಿನ ಪಕ್ಕದಲ್ಲಿ ಒಂದು ಗೇಣುದ್ದ ಬಿರುಕು.

"ಕ್ಯೋಟೋ ಅಂಗಡಿಗೆ ಫೋನ್ ಮಾಡ್ತೀನಿ. ಆದ್ರೆ ಹೋದ್ಸಲ ಸಣ್ಣ ಡೋಲಿಗೇ ಮೂರು ತಿಂಗಳು ಕಾಯಿಸಿದ್ರು. ಹೊಸ ವರ್ಷ ಕಳೀಬೇಕು ಅಂತಾರೆ" ಎಂದರು ಒಗುರ.

"ಪಕ್ಕದೂರಿನ ತಂಡದವರ ಹತ್ರ ಎರವಲು ಕೇಳಿದ್ರೆ?" ಎಂದಳು ಫುಮಿಯೆ. ಅವಳು ಬಂದರಿನ ಬೀದಿಯಲ್ಲಿ ಹೆಂಗಸರ ಕ್ಷೌರದಂಗಡಿ ಇಟ್ಟವಳು, ತಮಾಯೊಳ ವಾರಗೆಯವಳು, ಹದಿನಾಲ್ಕು ವರ್ಷದಿಂದ ಅವಳ ಪಕ್ಕದ ಡೋಲಿನವಳು.

"ಹದಿನೈದನೇ ವರ್ಷಕ್ಕೆ ಎರವಲು ಡೋಲಾ? ಹಾಗಾದ್ರೆ ನನ್ನ ಬದಲಿಗೂ ಯಾರನ್ನಾದ್ರೂ ಎರವಲು ತಂದ್ಬಿಡು, ನಾನು ಮನೇಲೇ ಬಿದ್ದಿರ್ತೀನಿ" ಎಂದರು ಒಗುರ.

ಯಾರೂ ನಗಲಿಲ್ಲ. ತಮಾಯೊ ಮಂಡಿಯೂರಿ ಬಿರುಕಿನ ಮೇಲೆ ಅಂಗೈ ಆಡಿಸಿದಳು. ಆಮೇಲೆ ಮಾತು ತಾನಾಗಿ ಬಂತು.

"ಇದು ಏಟಿಗೆ ಹರಿದದ್ದಲ್ಲ. ಉಪ್ಪುಗಾಳಿಗೆ ಒಣಗಿ ಬಿರಿದಿದೆ. ಐವತ್ತು ವರ್ಷದ ತೊಗಲು, ಇಷ್ಟು ತಾಳಿದ್ದೇ ಹೆಚ್ಚು. ಕರು ಹಾಕಿದ ಹಸುವಿನದು ಹಾಕಬೇಕು, ಬೆನ್ನಿನ ಗೆರೆ ನಟ್ಟನಡುವೆ ಬರೋ ಹಾಗೆ. ಹೋರಿದು ಹಾಕಿದ್ರೆ ಗಟ್ಟಿ ಇರುತ್ತೆ, ದನಿ ಇರಲ್ಲ."

"ಏನೇ ಇದು, ಕಸಾಯಿಖಾನೆಯವಳ ತರ ಮಾತಾಡ್ತೀಯ" ಎಂದು ಫುಮಿಯೆ ನಕ್ಕಳು.

ಆಗಲೂ ನಕ್ಕುಬಿಟ್ಟಿದ್ದರೆ ಆಗುತ್ತಿತ್ತು. ಹದಿನೇಳು ವರ್ಷ ಹಾಗೆಯೇ ನಕ್ಕವಳು ಅವಳು. ಆದರೆ ಒಗುರ ಅವರ ಮುಖ ಸಣ್ಣದಾಗಿತ್ತು, ಮತ್ತು ಆ ಡೋಲಿಗೆ ಏನು ಬೇಕೆಂದು ಆ ಗೋದಾಮಿನಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

"ನಮ್ಮಪ್ಪ ಮಾಡೋದು ಇದೇ ಕೆಲಸ" ಎಂದಳು. "ಒಣಗಿಸಿಟ್ಟ ತೊಗಲು ಅವನ ಹತ್ರ ಯಾವಾಗ್ಲೂ ಇರುತ್ತೆ. ಕೊಟ್ರೆ ಮೂರು ವಾರದಲ್ಲಿ ಮಾಡ್ಕೊಡ್ತಾನೆ."

"ಮೂರು ವಾರ? ಮೊದ್ಲೇ ಹೇಳಬಾರ್ದಾ ಮಾರಾಯ್ತಿ! ಎಲ್ಲಿ ಅವರ ಅಂಗಡಿ?"

"ಕವಾಶಿಮೊ."

ಹೊರಗೆ ಯಾರದೋ ದೋಣಿಯ ಎಂಜಿನ್ ಸದ್ದು ಹಾದುಹೋಯಿತು. ಕವಾಶಿಮೊ ಎಂದರೆ ನದಿದಂಡೆಯ ಆ ಕೇರಿ. ದನ ಕೊಯ್ಯುವವರು, ತೊಗಲು ಹದ ಮಾಡುವವರು ತಲೆತಲಾಂತರದಿಂದ ಇರುವ ಕೇರಿ. ಆ ಹೆಸರು ಬಂದಾಗ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

"ಓ, ಆ ಕಡೆನಾ" ಎಂದರು ಒಗುರ. ಡೋಲಿನ ಮೇಲೆ ಹೊದಿಕೆ ಎಳೆದು, "ಒಳ್ಳೇದಾಯ್ತು. ಶನಿವಾರ ಟ್ರಕ್ ತರ್ತೀನಿ" ಎಂದರು.

ಮನೆಗೆ ಹೋಗಿ ಯಸುಹಾರುವಿಗೆ ಹೇಳಿದಳು. ಅವನು ಊಟದ ಬಟ್ಟಲು ಕೆಳಗಿಟ್ಟ. ಮದುವೆಗೆ ಮೊದಲೇ ಅವನಿಗೆ ಎಲ್ಲ ಗೊತ್ತಿತ್ತು. ನನಗೇನೂ ಇಲ್ಲ, ಆದರೆ ಊರಿಗೆ ಹೇಳುವುದು ಬೇಡ ಎಂದು ಅಂದೇ ಮಾತು ತೆಗೆದುಕೊಂಡಿದ್ದ. ಅವನ ತಾಯಿ ಗೊತ್ತಿಲ್ಲದೆಯೇ ಸತ್ತಿದ್ದಳು.

"ಯಾರಾದ್ರೂ ಕೇಳಿದ್ರಾ ನಿನ್ನ?"

"ಇಲ್ಲ."

"ಮತ್ತೆ?"

"ಡೋಲು ಹರಿದಿತ್ತು."

"ಹರಿದದ್ದು ಅವರ ಡೋಲು ಕಣೆ. ನೀನ್ಯಾಕೆ ಬಾಯಿ ಹರ್ಕೊಂಡೆ?"

ಅವನು ಕೂಗಾಡಲಿಲ್ಲ. ತಣ್ಣಗಾದ ಸಾರನ್ನು ಪೂರ್ತಿ ಕುಡಿದು, ಬಟ್ಟಲು ತಾನೇ ತೊಳೆದಿಟ್ಟು, ಬೆನ್ನು ತಿರುಗಿಸಿ ಮಲಗಿದ.

ಶನಿವಾರ ಒಗುರ ಅವರ ಟ್ರಕ್ಕಿನಲ್ಲಿ ಡೋಲು ಹೊತ್ತು ಇಬ್ಬರೂ ಕವಾಶಿಮೊಗೆ ಹೋದರು. ಎರಡು ಗಂಟೆಯ ದಾರಿ. ಒಗುರ ದಾರಿಯುದ್ದಕ್ಕೂ ಚಿಪ್ಪುಮೀನಿನ ಸುಗ್ಗಿ, ಸಮುದ್ರದ ಬಿಸಿ, ಮೊಮ್ಮಗಳ ಪರೀಕ್ಷೆ ಎಂದು ಮಾತಾಡಿದರು. ಊರು ಹತ್ತಿರವಾದಂತೆ ವಾಸನೆ ಬಂತು. ಅವರು ಕಿಟಕಿಯ ಗಾಜು ಏರಿಸಿದರು, ಏರಿಸಿದ್ದು ತಮಾಯೊ ಕಂಡಳೆಂದು ಮತ್ತೆ ಎರಡು ಬೆರಳಷ್ಟು ಇಳಿಸಿದರು.

ಅಪ್ಪ ಗೆನ್‌ಸಾಕುವಿಗೆ ಎಪ್ಪತ್ತನಾಲ್ಕು. ಬೆರಳ ಗಿಣ್ಣುಗಳು ಶುಂಠಿಯ ಹಾಗೆ ಉಬ್ಬಿದ್ದವು. ಅವನು ಡೋಲಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಮೊಳೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿ ನೋಡಿದ.

"ಇದು ನಮ್ಮಪ್ಪ ಹೊಡೆದ ಮೊಳೆ" ಎಂದ.

"ಇರಲಾರದು" ಎಂದರು ಒಗುರ ನಯವಾಗಿ. "ಇದು ಕ್ಯೋಟೋದಲ್ಲಿ ಆದದ್ದು. ಮೊದಲು ದೇವಸ್ಥಾನದಲ್ಲಿದ್ದ ಡೋಲು. ಅಂಗಡಿಯ ಮೊಹರು ಇರೋ ಕಾಗದ ಇದೆ ನಮ್ಮ ಹತ್ರ."

"ಕಾಗದ ಕ್ಯೋಟೋದ್ದೇ ಇರಬೇಕು ಸ್ವಾಮಿ. ಮೊಳೆ ನಮ್ಮಪ್ಪನದು. ಎರಡನೇ ಸಾಲಲ್ಲಿ ಪ್ರತಿ ಒಂಬತ್ತನೇದು ಒಂದು ಕೂದಲೆಳೆ ಒಳಗೆ ಹೊಡೀತಿದ್ದ. ಹೊಡೆಯೋ ಹೊತ್ತಿಗೆ ಉಸಿರು ಬಿಡ್ತಿದ್ದ, ಅದಕ್ಕೆ." ಅಪ್ಪ ನಕ್ಕ. "ಅಂಗಡಿಯವರು ಕಳಿಸ್ತಿದ್ರು, ನಾವು ಮಾಡಿ ಕೊಡ್ತಿದ್ವು. ಈಗ್ಲೂ ಅಷ್ಟೇ. ಕೂತ್ಕೊಳ್ಳಿ, ಚಹಾ ಕುಡೀರಿ."

ಅಪ್ಪನೇ ಚಹಾ ತಂದಿಟ್ಟ. ಅತಿಥಿಗಳಿಗೆಂದು ಎತ್ತಿಟ್ಟಿದ್ದ ಬಟ್ಟಲು, ಜೊತೆಗೆ ಅಂದೇ ಕೊಂಡು ತಂದ ಕೆಂಪುಕಾಳಿನ ಸಿಹಿತಿಂಡಿಯ ಪೊಟ್ಟಣ, ಕಟ್ಟು ಬಿಚ್ಚದೆ. ಬಿಚ್ಚದ ಪೊಟ್ಟಣವಾದರೆ ಹೊರಗಿನವರು ತಿನ್ನಬಹುದು ಎಂಬ ಲೆಕ್ಕ ಆ ಕೇರಿಯವರಿಗೆಲ್ಲ ಗೊತ್ತಿತ್ತು. ಒಗುರ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದರು, ಬೆಚ್ಚಗಿದೆ ಎಂದರು, ಕೆಳಗಿಟ್ಟರು. ತೊಗಲಿನ ದಪ್ಪ, ದಿನದ ಲೆಕ್ಕ ಎಲ್ಲ ಮಾತಾಡಿದರು. ಅಪ್ಪನ ಕೆಲಸವನ್ನು ಮನಸಾರೆ ಹೊಗಳಿದರು. ಏಳುವಾಗ ಬಟ್ಟಲು ತುಂಬಿದ್ದು ತುಂಬಿದ ಹಾಗೆಯೇ ಇತ್ತು.

"ಹೊಟ್ಟೆ ಸರಿ ಇಲ್ಲ ಎರಡು ದಿನದಿಂದ" ಎಂದರು.

"ಋತು ಬದಲಾಗೋ ಕಾಲ, ಹಾಗೇ ಆಗುತ್ತೆ" ಎಂದ ಅಪ್ಪ. ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಬಟ್ಟಲನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಚೆಲ್ಲಿದ ಸದ್ದು ಮಾತ್ರ ತಮಾಯೊಗೆ ಕೇಳಿತು. ಹಿಂದಿರುಗುವ ದಾರಿಯಲ್ಲಿ ಒಗುರ ಒಂದು ಹೋಟೆಲಿನ ಮುಂದೆ ಟ್ರಕ್ ನಿಲ್ಲಿಸಿ ಅವಳಿಗೂ ತನಗೂ ಬಿಸಿ ಬಿಸಿ ಗೋಧಿ ಶ್ಯಾವಿಗೆ ತರಿಸಿದರು. ಅವರು ಬಟ್ಟಲಿನ ತಳದವರೆಗೂ ಕುಡಿದರು. ಅವಳು ಅರ್ಧಕ್ಕೇ ಬಟ್ಟಲು ಸರಿಸಿದಳು.

ಮುಂದಿನ ಗುರುವಾರ ಗೋದಾಮಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಅಭ್ಯಾಸ ಮುಗಿದ ಮೇಲೆ ಎಲ್ಲರೂ ಮನೆಯಿಂದ ತಂದದ್ದನ್ನು ಚಾಪೆಯ ಮೇಲಿಟ್ಟು ಹಂಚಿ ತಿನ್ನುವುದು ಮೊದಲಿನಿಂದ ಬಂದ ರೂಢಿ. ತಮಾಯೊಳ ಉಪ್ಪಿನಲ್ಲಿಟ್ಟ ಮಾವಿನಂಥ ಹುಳಿಕಾಯಿ ಒಳಗೆ ಹುದುಗಿಸಿದ ಅನ್ನದುಂಡೆಗೆ ಜಗಳವೇ ಆಗುತ್ತಿತ್ತು. ಅಂದು ಮಾತ್ರ ಒಬ್ಬರಿಗೆ ಮನೆಯಲ್ಲಿ ನೆಂಟರು, ಇನ್ನೊಬ್ಬರಿಗೆ ಹಲ್ಲುನೋವು. ಫುಮಿಯೆ ಒಂದು ಉಂಡೆ ತೆಗೆದುಕೊಂಡು ಕರವಸ್ತ್ರದಲ್ಲಿ ಸುತ್ತಿ, "ಆಮೇಲೆ ತಿಂತೀನಿ" ಎಂದು ಚೀಲಕ್ಕೆ ಹಾಕಿದಳು. ಬಂದರಿನ ತಿರುವಿನಲ್ಲಿ ಕಸದ ಡಬ್ಬಿಯ ಮೇಲೆ ಅದೇ ಉಂಡೆ ಇದ್ದದ್ದನ್ನು ತಮಾಯೊ ಮನೆಗೆ ಹೋಗುವಾಗ ಕಂಡಳು. ಅದನ್ನು ಎತ್ತಿ ಕಡಲಿಗೆ ಎಸೆದಳು. ಮೀನು ತಿನ್ನಲಿ ಎಂದುಕೊಂಡಳು.

ಎರಡು ದಿನ ಬಿಟ್ಟು ಫುಮಿಯೆ, ತಮಾಯೊ ಕೆಲಸಕ್ಕೆ ಹೋಗುತ್ತಿದ್ದ ಶ್ಯಾವಿಗೆ ಕಾರ್ಖಾನೆಯ ಗೇಟಿನ ಹತ್ತಿರ ಕಾದಿದ್ದಳು. ತಮಾಯೊ ಪ್ಯಾಕಿಂಗ್ ವಿಭಾಗದಿಂದ ಹೊರಬಂದದ್ದೇ, ಅವಳ ತೋಳು ಹಿಡಿದು ಪಕ್ಕಕ್ಕೆ ಕರೆದಳು.

"ಒಗುರ ಸಾನ್ ಹೇಳ್ಕಳಿಸಿದ್ರು. ತಪ್ಪು ತಿಳ್ಕೋಬೇಡ."

"ಹೇಳು."

"ಹದಿನೈದನೇ ವರ್ಷ ಅಲ್ವಾ. ದೊಡ್ಡ ಡೋಲನ್ನ ಮೊದಲಿಂದ ಇದ್ದವರೇ ಬಾರಿಸ್ಲಿ ಅಂತ ನಾಲ್ಕು ಜನ ಅಂದ್ರಂತೆ. ನೀನು ಸೇರಿದ್ದು ಒಂದು ವರ್ಷ ಆಮೇಲೆ."

"ಯಾರು ಆ ನಾಲ್ಕು ಜನ?"

"ನಾನು ಕೇಳ್ಲಿಲ್ಲ."

"ಅವರಲ್ಲಿ ನೀನೂ ಒಬ್ಬಳಾ?"

"ನನಗೇನಿದೆ ಹೇಳು? ನನಗೆ ಅಂಥದ್ದೆಲ್ಲ ಇಲ್ವೇ ಇಲ್ಲ." ಫುಮಿಯೆಯ ಕಣ್ಣು ಒದ್ದೆಯಾಗಿತ್ತು. ಅದು ಸುಳ್ಳಲ್ಲ. "ಆದ್ರೆ ನಂದು ಅಂಗಡಿ ತಮಾಯೊ. ಬರೋರ ತಲೆ ಮುಟ್ಟೋ ಕೆಲಸ. ಜನ ಹೇಗೆ ಅಂತ ನಿನಗೆ ಗೊತ್ತಲ್ಲ."

"ಹಾಗಾದ್ರೆ ನಾನು ನನ್ನ ಹಳೇ ಡೋಲು ಬಾರಿಸ್ಲಾ?"

ಫುಮಿಯೆ ಚಪ್ಪಲಿಯ ತುದಿ ನೋಡಿದಳು. "ಈ ವರ್ಷ ಕಾರುಗಳು ಜಾಸ್ತಿ ಬರ್ತವಂತೆ. ನಿಲ್ಲಿಸೋ ಜಾಗ ನೋಡ್ಕೊಳ್ಳೋಕೆ ನಂಬಿಕೆಯವರು ಬೇಕಂತೆ."

ತಮಾಯೊ ಅಂದು ರಾತ್ರಿಯಡಿಗೆಗೆ ಮೂಲಂಗಿ ಹೆಚ್ಚುತ್ತ ಯಸುಹಾರುವಿಗೆ ಇದನ್ನು ಹೇಳಿದಳು. ಅವನು ಪತ್ರಿಕೆಯ ಹಿಂದಿನಿಂದ, "ಈ ವರ್ಷ ಬಿಟ್ಟುಬಿಡು. ಜನಕ್ಕೆ ಮರೆವು ಜಾಸ್ತಿ" ಎಂದ. ಅದನ್ನು ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಹಡಗುಕಟ್ಟೆಯಲ್ಲಿ ಅವನ ಊಟದ ಬೆಂಚಿನಲ್ಲೂ ಆಗಲೇ ಅಕ್ಕಪಕ್ಕದ ಜಾಗ ಖಾಲಿಯಾಗಿತ್ತು. ಅದನ್ನು ಅವಳಿಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ.

ಆ ಭಾನುವಾರ ಅಪ್ಪ ಬರಹೇಳಿದ್ದ. ತೊಗಲು ಬಿಗಿಯುವ ದಿನ. ನೆನೆಸಿ ಮೆತ್ತಗಾದ ತೊಗಲನ್ನು ಡೋಲಿನ ಬಾಯಿಗೆ ಹೊದಿಸಿ, ಸುತ್ತ ಹಗ್ಗ ಕಟ್ಟಿ, ಕೆಳಗಿನಿಂದ ಜಾಕಿ ಏರಿಸಿ ಎಳೆಯುವುದು. ಎಳೆದಷ್ಟೂ ಸಾಲದು. ಒಬ್ಬರು ಡೋಲಿನ ಮೇಲೆ ಹತ್ತಿ ಕುಣಿಯಬೇಕು, ಆಗಲೇ ತೊಗಲು ಒಳಗಿಂದ ಸಡಿಲಿ ಇನ್ನಷ್ಟು ಎಳೆತಕ್ಕೆ ಬರುವುದು. ಹುಡುಗಿಯಾಗಿದ್ದಾಗ ಆ ಕೆಲಸ ತಮಾಯೊಳದು.

"ಹತ್ತು ಮಗಾ. ನನ್ನ ಮಂಡಿ ಕೇಳಲ್ಲ."

"ನಾನೀಗ ಎಷ್ಟು ಭಾರ ಗೊತ್ತಾ ಅಪ್ಪ? ತೂತು ಬಿದ್ದೀತು."

"ನಿನ್ನ ಭಾರಕ್ಕೆ ತೂತು ಬಿದ್ರೆ ಅದು ತೊಗಲೇ ಅಲ್ಲ. ಹತ್ತು."

ಅವಳು ಚಪ್ಪಲಿ ಬಿಟ್ಟು, ಕಾಲುಚೀಲದಲ್ಲೇ ಹತ್ತಿ, ಮೇಲಿನಿಂದ ಇಳಿಬಿಟ್ಟ ಹಗ್ಗ ಹಿಡಿದು ಕುಣಿದಳು. ತೊಗಲು ಮೊದಲು ಕೆಸರಿನ ಹಾಗೆ ತಗ್ಗಿತು. ಅಪ್ಪ ಜಾಕಿ ಏರಿಸಿದ, ಅವಳು ಕುಣಿದಳು, ಅಪ್ಪ ಮರದ ಕೊಡತಿಯಿಂದ ಅಂಚಿಗೆ ತಟ್ಟಿ ಕಿವಿಯಿಟ್ಟ. "ಇನ್ನೊಂದು." ಮತ್ತೆ ಕುಣಿದಳು. ಗಂಟೆ ಕಳೆಯುವ ಹೊತ್ತಿಗೆ ಅಂಗಾಲಿನ ಕೆಳಗೆ ತೊಗಲು ಅವಳನ್ನು ತಾನೇ ಎತ್ತಿ ಎತ್ತಿ ಹಾಕುತ್ತಿತ್ತು. ಬೆವರಿನಿಂದ ತೊಯ್ದಿದ್ದಳು. ಅಪ್ಪನಿಗೆ ಹೇಳಬೇಕು, ಈಗಲೇ ಹೇಳಬೇಕು ಎಂದುಕೊಳ್ಳುತ್ತ ಕುಣಿದಳು.

"ಬಾರಿಸೋಳೇ ಹತ್ತಿ ಕುಣಿದ ಡೋಲು ನಾನು ಈವರೆಗೆ ಮಾಡಿಲ್ಲ" ಎಂದ ಅಪ್ಪ. "ನೋಡೋಕೆ ಬರ್ತೀನಿ. ರೈಲಿನ ವೇಳಾಪಟ್ಟಿ ತಂದಿಟ್ಟಿದ್ದೀನಿ. ನಿನ್ನ ಗಂಡನಿಗೆ ಮುಜುಗರ ಆಗಲ್ಲ ತಾನೆ?"

"ಇಲ್ಲ ಅಪ್ಪ."

"ಮೂಲೆಯಲ್ಲಿ ನಿಂತು ಕೇಳಿ ಬಂದ್ಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಅವಳಿಂದ ಹೇಳಲಾಗಲಿಲ್ಲ.

ನವೆಂಬರ್ ಮೂರು ಮೋಡ ಕವಿದ, ಗಾಳಿಯಿಲ್ಲದ ದಿನವಾಗಿತ್ತು. ಸಮುದಾಯ ಭವನದ ಅಂಗಳದಲ್ಲಿ ಸೇವಂತಿಗೆ ಕುಂಡಗಳ ಸಾಲು, ಒಳಗೆ ಶಾಲೆ ಮಕ್ಕಳು ಕುಂಚದಲ್ಲಿ ಬರೆದ ಅಕ್ಷರಗಳು, ಬಾಗಿಲ ಪಕ್ಕ ಸುಟ್ಟ ಚಿಪ್ಪುಮೀನಿನ ಹೊಗೆ. ತಮಾಯೊ ಹಿಂದಿನ ಮೈದಾನದಲ್ಲಿ ಕೈಯಲ್ಲಿ ಕೆಂಪು ಬಾವುಟ ಹಿಡಿದು ಕಾರುಗಳನ್ನು ಸಾಲಿಗೆ ನಿಲ್ಲಿಸುತ್ತಿದ್ದಳು. ನೀಲಿ ಮೇಲಂಗಿಯನ್ನು ಇಸ್ತ್ರಿ ಮಾಡಿ ತಂದಿದ್ದಳು, ತೊಟ್ಟಿರಲಿಲ್ಲ. ಹನ್ನೊಂದೂವರೆಯ ರೈಲು ಹೋದ ಸ್ವಲ್ಪ ಹೊತ್ತಿಗೆ ರಸ್ತೆಯ ತುದಿಯಲ್ಲಿ ಅಪ್ಪ ಕಾಣಿಸಿದ. ಇದ್ದೊಂದು ಕರಿ ಸೂಟು ಹಾಕಿದ್ದ, ಅಮ್ಮನ ಶವಸಂಸ್ಕಾರಕ್ಕೆ ಹೊಲಿಸಿದ್ದು. ಎರಡು ಕಾರುಗಳ ನಡುವೆ ಬಾವುಟ ಹಿಡಿದು ನಿಂತ ಮಗಳನ್ನು ಅವನು ದೂರದಿಂದಲೇ ಕಂಡ. ಹತ್ತಿರ ಬಂದು, ಬಾವುಟ ನೋಡಿದ.

"ಮಣಿಕಟ್ಟು ನೋಯ್ತಿದೆ ಅಪ್ಪ. ಅದಕ್ಕೆ ಈ ಸಲ ಬೇಡ ಅಂದೆ."

"ಯಾವ ಕೈ?"

ಅವಳು ತಡವರಿಸಿದಳು. ಬಲಗೈ ಎತ್ತಿ ತೋರಿಸಿದಳು. ಬಾವುಟ ಅದೇ ಕೈಯಲ್ಲಿತ್ತು.

"ಶೀತ ತಾಗಿಸ್ಬೇಡ" ಎಂದ ಅಪ್ಪ. "ಬಾ, ಡೋಲಾದ್ರೂ ಕೇಳೋಣ."

ಬಾವುಟವನ್ನು ಯಾರದೋ ಕಾರಿನ ಮೇಲಿಟ್ಟು ಅವಳು ಅಪ್ಪನ ಜೊತೆ ಒಳಗೆ ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತಳು. ಸಭಾಂಗಣ ತುಂಬಿತ್ತು. ನಿರೂಪಣೆಗೆ ಬಂದ ಪುರಸಭೆಯ ಗುಮಾಸ್ತ, ಹದಿನೈದು ವರ್ಷದ ತಂಡದ ಬಗ್ಗೆ ನಾಲ್ಕು ಮಾತಾಡಿ, ಈ ಸಂದರ್ಭಕ್ಕಾಗಿ ದೊಡ್ಡ ಡೋಲಿಗೆ ಕ್ಯೋಟೋದ ಹೆಸರಾಂತ ಅಂಗಡಿಯಿಂದ ಹೊಸ ತೊಗಲು ಹಾಕಿಸಲಾಗಿದೆ ಎಂದು ಓದಿದ. ಜನ ಚಪ್ಪಾಳೆ ತಟ್ಟಿದರು. ಅಪ್ಪನೂ ತಟ್ಟಿದ.

"ಅಪ್ಪ."

"ಇರಲಿ ಬಿಡು. ಈ ವಯಸ್ಸಲ್ಲಿ ನಾನು ಕ್ಯೋಟೋ ಸೇರಿದೆ" ಎಂದ ಅವನು ಮೆಲ್ಲಗೆ.

ತೆರೆ ಸರಿಯಿತು. ಒಗುರ ಎಡಗಡೆ ಕೊಳಲು ಹಿಡಿದು ನಿಂತಿದ್ದರು. ದೊಡ್ಡ ಡೋಲಿನ ಮುಂದೆ, ಬೆನ್ನು ಜನರ ಕಡೆಗೆ ಮಾಡಿ, ತೋಳು ಮೇಲೆತ್ತಿ ನಿಂತವಳು ಫುಮಿಯೆ. ಗೇಟಿನ ಹತ್ತಿರ ಅಳುತ್ತ ಮಾತಾಡಿದಾಗಲೇ ಅವಳಿಗೆ ಇದು ಗೊತ್ತಿತ್ತು ಎಂಬುದು ತಮಾಯೊಗೆ ಆಗ ತಿಳಿಯಿತು. ಮೊದಲ ಏಟು ಬಿತ್ತು. ನೆಲ ನಡುಗಿ ಅಂಗಾಲಿಗೆ ಬಂತು ದನಿ. ಅಷ್ಟು ತುಂಬಿದ ದನಿಯನ್ನು ಆ ಡೋಲು ಹಿಂದೆ ಎಂದೂ ಕೊಟ್ಟಿರಲಿಲ್ಲ. ಮುಂದಿನ ಸಾಲಿನ ಮುದುಕಿಯರು ಎದೆ ಮುಟ್ಟಿಕೊಂಡರು. ಫುಮಿಯೆ ಚೆನ್ನಾಗಿ ಬಾರಿಸಿದಳು. ಎಡಗೈ ಎಲ್ಲೋ ಒಂದೆರಡು ಕಡೆ ಹಿಂದೆ ಬಿತ್ತು, ಅಷ್ಟೇ. ಕೆಟ್ಟದಾಗಿ ಬಾರಿಸಲಿ ಎಂದು ತಾನು ಕಾಯುತ್ತಿದ್ದೇನೆಂದು ಗೊತ್ತಾಗಿ ತಮಾಯೊಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಅಪ್ಪ ಕಣ್ಣುಮುಚ್ಚಿ ಕೇಳುತ್ತಿದ್ದ. ಮುಗಿದ ಮೇಲೆ, "ಮೇಲಿನ ಬಲಗಡೆ ಇನ್ನೊಂದು ಕೂದಲೆಳೆ ಬಿಗಿ ಬೇಕಿತ್ತು" ಎಂದ. ಊಟಕ್ಕೆ ನಿಲ್ಲಲಿಲ್ಲ. ಸ್ಟೇಷನ್ನಿನಲ್ಲಿ ರೈಲು ಬರುವವರೆಗೆ ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು.

"ನಾನೇ ಹೇಳಿದ್ದು ಅಪ್ಪ. ಯಾರೂ ಕೇಳಿರಲಿಲ್ಲ."

"ಗೊತ್ತಾಯ್ತು, ಅವರು ಚಹಾ ಬಿಟ್ಟಾಗಲೇ."

"ಹೇಳಬಾರ್ದಿತ್ತಾ?"

ಅಪ್ಪ ರೈಲಿನ ವೇಳಾಪಟ್ಟಿಯನ್ನು ಮಡಿಸಿ ಜೇಬಿಗಿಟ್ಟ. "ನಿನ್ನ ತಮ್ಮ ಒಸಾಕದಲ್ಲಿ ಇಪ್ಪತ್ತು ವರ್ಷದಿಂದ ಹೇಳ್ದೆ ಇದ್ದಾನೆ. ಅವನೂ ಸುಖವಾಗಿ ನಿದ್ದೆ ಮಾಡಿದ್ದು ನಾನು ಕಂಡಿಲ್ಲ" ಎಂದ. ರೈಲು ಬಂತು. ಅವನು ಹತ್ತಿ, ಕಿಟಕಿಯ ಪಕ್ಕ ಕೂತು, ಕೈ ಬೀಸದೆ ಮುಂದೆ ನೋಡುತ್ತ ಹೋದ.

ಮುಂದಿನ ಗುರುವಾರ ತಮಾಯೊ ಎಂದಿನಂತೆ ಕೋಲುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗೋದಾಮಿಗೆ ಹೋದಳು. ಬೀಗ ಹಾಕಿತ್ತು. ಅರ್ಧ ಗಂಟೆ ಕಾದು ಫುಮಿಯೆಯ ಅಂಗಡಿಗೆ ಬಂದಳು. ಫುಮಿಯೆ ಕತ್ತರಿಸಿ ಬಿದ್ದ ಕೂದಲು ಗುಡಿಸುತ್ತಿದ್ದಳು. ಅವಳನ್ನು ಕಂಡು ಪೊರಕೆ ನಿಂತಿತು.

"ಅಭ್ಯಾಸ ಮಂಗಳವಾರಕ್ಕೆ ಬದಲಾಯ್ತು. ಯಾರೂ ಹೇಳ್ಲಿಲ್ವಾ ನಿನಗೆ?"

"ಇಲ್ಲ."

"ಮರೆತಿರಬೇಕು."

"ಇರಬೇಕು. ಮಂಗಳವಾರ ಎಷ್ಟು ಗಂಟೆಗೆ?"

ಅವಳು ಹಾಗೆ ಕೇಳುವಳೆಂದು ಫುಮಿಯೆ ಎಣಿಸಿರಲಿಲ್ಲ. "ಏಳಕ್ಕೆ" ಎಂದಳು, ದನಿ ಸಣ್ಣದು ಮಾಡಿ.

ಬೇಡ ಎಂದು ಯಸುಹಾರು ಹೇಳಿದ. ಆದರೂ ಅವಳು ಮಂಗಳವಾರ ಹೋದಳು. ಅಲ್ಲಿ ಯಾರೂ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ತನ್ನ ಹಳೆಯ ಡೋಲಿನ ಮುಂದೆ ನಿಂತಳು, ಕೋಲು ಎತ್ತಿದಳು. ಎಲ್ಲರೂ ಬಾರಿಸಿದರು, ಅವಳೂ ಬಾರಿಸಿದಳು. ಮುಂದಿನ ಮಂಗಳವಾರ ಹನ್ನೆರಡರಲ್ಲಿ ಒಂಬತ್ತು ಜನ ಬಂದರು. ಅದರ ಮುಂದಿನ ವಾರ ಆರು. ಒಬ್ಬರಿಗೆ ಸುಗ್ಗಿಯ ಕೆಲಸ, ಒಬ್ಬರಿಗೆ ಸೊಂಟ, ಒಬ್ಬರಿಗೆ ಸೊಸೆಯ ಬಾಣಂತನ. ಹೊಸ ವರ್ಷ ಕಳೆದ ಮೇಲೆ ಒಂದು ಸಂಜೆ ಗೋದಾಮಿನಲ್ಲಿ ಇದ್ದವರು ಒಗುರ ಮತ್ತು ಅವಳು ಇಬ್ಬರೇ. ಸೀಮೆಎಣ್ಣೆಯ ಒಲೆಯ ಮುಂದೆ ಅವರು ಕೈ ಕಾಯಿಸುತ್ತಿದ್ದರು. ಆ ಎರಡೇ ತಿಂಗಳಲ್ಲಿ ಅವರಿಗೆ ವಯಸ್ಸಾದಂತಿತ್ತು.

"ತಮಾಯೊ, ಕೆಲವು ದಿನ ತಂಡಕ್ಕೆ ವಿಶ್ರಾಂತಿ ಕೊಡೋಣ ಅಂತಿದ್ದೀನಿ. ಜನ ಸಾಲ್ತಿಲ್ಲ."

"ಜನ ಯಾಕೆ ಸಾಲ್ತಿಲ್ಲ ಒಗುರ ಸಾನ್?"

ಅವರು ತಲೆ ಎತ್ತಲಿಲ್ಲ. "ನನ್ನ ಮನಸ್ಸಲ್ಲಿ ಏನೂ ಇಲ್ಲ ಮಗಳೇ. ನಿನಗೆ ಕೋಲು ಹಿಡಿಯೋದು ಕಲಿಸಿದವನು ನಾನು."

"ಅಪ್ಪ ಕೊಟ್ಟ ಚಹಾ ಕುಡಿದಿದ್ರೆ ಸಾಕಿತ್ತು."

ಒಲೆಯ ಬತ್ತಿ ಚಟಪಟ ಎಂದಿತು. ಒಗುರ ಅದನ್ನು ತಗ್ಗಿಸುತ್ತ, "ಬಾಯಿ ತನಕ ತಂದಿದ್ದೆ" ಎಂದರು. ಅದು ನಿಜವಾಗಿರಲಿಲ್ಲ. ಬಟ್ಟಲು ಅವರ ಎದೆಯ ಮಟ್ಟ ದಾಟಿರಲಿಲ್ಲ ಎಂಬುದು ಅವಳಿಗೆ ನೆನಪಿತ್ತು. ಆದರೆ ಅದನ್ನು ಎತ್ತಿ ಆಡುವ ಮನಸ್ಸಾಗಲಿಲ್ಲ. ಅವರು ಅಳುತ್ತಿದ್ದರು. ಅವಳು ನೀಲಿ ಮೇಲಂಗಿಯನ್ನು ಮಡಿಸಿ ಅವರ ಪಕ್ಕದಲ್ಲಿಟ್ಟು ಬಂದಳು.

ಹಠ ಹಿಡಿದು ತಂಡ ಮುರಿದವಳು ಎಂಬ ಮಾತು ವಸಂತದ ಹೊತ್ತಿಗೆ ಮೀನುಪೇಟೆಯಲ್ಲಿ ಅವಳ ಬೆನ್ನಹಿಂದೆ ಓಡಾಡಿತು. ಎದುರಿಗೆ ಎಲ್ಲರೂ ಹವೆಯ ಬಗ್ಗೆ ಮಾತಾಡುತ್ತಿದ್ದರು. ಫುಮಿಯೆ ಬೀದಿಯ ಆ ಬದಿಯಲ್ಲಿ ಬರುತ್ತಿದ್ದರೆ ತಲೆಬಾಗಿ ನಮಸ್ಕರಿಸುತ್ತಿದ್ದಳು, ತೀರ ಪರಿಚಯವಿಲ್ಲದವರಿಗೆ ಮಾಡುವಷ್ಟು ತಗ್ಗಿ. ತಮಾಯೊ ಕೂದಲು ಕತ್ತರಿಸಲು ಎರಡು ನಿಲ್ದಾಣ ಆಚೆಯ ಊರಿಗೆ ಹೋಗತೊಡಗಿದಳು. ಯಸುಹಾರು ಅವಳನ್ನು ಬಿಡಲಿಲ್ಲ, ಬೈಯಲೂ ಇಲ್ಲ. ಸಂಜೆ ಇಬ್ಬರೂ ಟಿವಿ ನೋಡುತ್ತಿದ್ದರು. ಗುರುವಾರವೂ ಮಂಗಳವಾರವೂ ಬೇರೆ ಸಂಜೆಗಳ ಹಾಗೆಯೇ ಕಳೆಯುತ್ತಿದ್ದವು.

ಹಬ್ಬ ಕಳೆದು ಎರಡು ವರ್ಷಕ್ಕೆ, ಅಕ್ಟೋಬರಿನಲ್ಲಿ, ಮೀನುಪೇಟೆಯ ಗೋಡೆಯ ಮೇಲೆ ಸಂಸ್ಕೃತಿ ದಿನದ ಭಿತ್ತಿಪತ್ರ ಹಚ್ಚಿದ್ದರು. ಕೊನೆಯ ಕಾರ್ಯಕ್ರಮ: 'ಓಕಿನೋಸೆ ಹೊಸ ಅಲೆ ತೈಕೊ ತಂಡ, ಮೊದಲ ಪ್ರದರ್ಶನ.' ಪಕ್ಕದಲ್ಲಿ ಹನ್ನೊಂದು ಜನರ ಫೋಟೋ. ಹೆಸರು ಹೊಸದು, ಮೇಲಂಗಿಯ ಬಣ್ಣ ಹೊಸದು, ಮುಖಗಳೆಲ್ಲ ಹಳೆಯವು. ಎಲ್ಲಿ ಸೇರುತ್ತಿದ್ದರೋ, ಯಾವ ವಾರ ಅಭ್ಯಾಸ ಮಾಡುತ್ತಿದ್ದರೋ, ಅಷ್ಟು ಸಣ್ಣ ಊರಿನಲ್ಲಿ ಅವಳ ಕಿವಿಗೆ ಬೀಳದ ಹಾಗೆ ಡೋಲು ಬಾರಿಸಿದ್ದರು. ತಮಾಯೊ ಫೋಟೋದಲ್ಲಿ ಒಬ್ಬೊಬ್ಬರನ್ನೂ ನೋಡಿದಳು. ಆಮೇಲೆ ಎರಡು ಬಂಗಡೆ ಕೊಂಡು ಮನೆಗೆ ಬಂದಳು.

ನವೆಂಬರ್ ಮೂರರ ಬೆಳಗ್ಗೆ ಮೊದಲ ರೈಲಿಗೆ ಕವಾಶಿಮೊಗೆ ಹೋದಳು. ಆ ಹೊತ್ತಿಗಾಗಲೇ ಭಾನುವಾರಗಳಂದು ಅವಳು ಅಲ್ಲಿಗೆ ಹೋಗುವುದು ರೂಢಿಯಾಗಿತ್ತು. ಅಪ್ಪನ ಒಂದು ಕಣ್ಣು ಹೋಗಿತ್ತು, ಇನ್ನೊಂದರಲ್ಲಿ ಬೆಳಕು ಕಾಣುತ್ತಿತ್ತು ಅಷ್ಟೇ. ಹೆಜ್ಜೆಯ ಸದ್ದಿಗೇ ಅವನು ಗುರುತು ಹಿಡಿದ.

"ಇವತ್ತು ನಿಮ್ಮೂರಲ್ಲಿ ಹಬ್ಬ ಅಲ್ವಾ?"

"ಹೌದು."

"ಹ್ಞೂಂ" ಎಂದ ಅಪ್ಪ. ಕೋಲೂರಿಕೊಂಡು ನದಿಯ ಕಡೆಗೆ ನಡೆದ.

ನದಿಯಲ್ಲಿ ಮೂರು ತೊಗಲು ನೆನೆದಿದ್ದವು. ಅವಳು ಮಂಡಿಯವರೆಗಿನ ರಬ್ಬರ್ ಬೂಟು ಹಾಕಿ ನೀರಿಗಿಳಿದು ಒಂದನ್ನು ಎಳೆದು ತಂದು ಮರದ ದಿಮ್ಮಿಯ ಮೇಲೆ ಹಾಸಿದಳು. ಅಪ್ಪ ಪಕ್ಕದಲ್ಲಿ ಕೂತು ತೊಗಲಿನ ಮೇಲೆ ಬೆರಳು ಆಡಿಸಿ, 'ಇಲ್ಲಿ ಇನ್ನೂ ದಪ್ಪ ಇದೆ', 'ಇಲ್ಲಿ ಬಿಡು' ಎನ್ನುತ್ತಿದ್ದ. ಅವಳು ಬಾಗಿದ ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಹೆರೆದಳು. ನೀರು ಅಷ್ಟು ತಣ್ಣಗಿತ್ತು, ಸ್ವಲ್ಪ ಹೊತ್ತಿಗೆ ಕತ್ತಿಯ ಹಿಡಿ ಕೈಯಲ್ಲಿದೆಯೋ ಇಲ್ಲವೋ ಎಂದು ನೋಡಿಯೇ ತಿಳಿಯಬೇಕಾಗಿತ್ತು.